ಗ್ರಾಮಸಭೆಯ ಸುದ್ದಿ ಸಭೆಗೆ ಮೊದಲೇ ಬರಲಿ

ಮಾನ್ಯ ಸಂಪಾದಕರೇ,

‘ಗ್ರಾಮಸಭೆಯಲ್ಲಿ ಗದ್ದಲ’, ‘ಅಧಿಕಾರಿಗಳ ಗೈರು: ಗ್ರಾಮಸ್ಥರ ಆಕ್ರೋಶ’, ‘ಕೋರಂ ಕೊರತೆ: ಸಭೆ ಮುಂದೂಡಿಕೆ’. ಜಿಲ್ಲಾ ಪುಟ ಓದುವವರಿಗೆ ಈ ತಲೆಬರಹಗಳು ಹೊಸದಲ್ಲ (ಕೋರಂ ಎಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ). ಮೂರೂ ಸಭೆ ಮುಗಿದ ಮರುದಿನದ ಸುದ್ದಿಗಳು. ಅಷ್ಟು ಹೊತ್ತಿಗೆ ಮನೆ ಯಾರಿಗೆ, ಚರಂಡಿ ಯಾವ ಬೀದಿಗೆ ಎಂಬುದು ತೀರ್ಮಾನವಾಗಿರುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಮುಂದಕ್ಕೆ ಹೋಗಿರುತ್ತದೆ. ಊರಿನವರಿಗೆ ಬೇಕಿರುವುದು ಸಭೆಗೆ ನಾಲ್ಕು ದಿನ ಮೊದಲಿನ ನಾಲ್ಕು ಸಾಲು. ಆ ನಾಲ್ಕು ಸಾಲು ಅಚ್ಚಾದರೆ ಪಂಚಾಯಿತಿಯ ಒಳಗೆ ಏನೇನು ಬದಲಾಗುತ್ತದೆ ಎಂದು ತಿಳಿಸಲು ಈ ಪತ್ರ.

ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993ರದು. ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬುದು ಸೇರಿದ್ದು 2015ರ ತಿದ್ದುಪಡಿಯಲ್ಲಿ. ಒಂದು ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆ, ಪಂಚಾಯಿತಿ ವ್ಯಾಪ್ತಿಯ ಮತದಾರರು ಸೇರುವ ಗ್ರಾಮಸಭೆ ಎರಡನ್ನೂ ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು. ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆಗಳ ಪಟ್ಟಿ, ಆಮೇಲೆ ಗ್ರಾಮಸಭೆಯಲ್ಲಿ ಯಾವುದು ಮೊದಲು ಯಾವುದು ನಂತರ ಎಂಬ ಆಯ್ಕೆ. ವಾರ್ಡ್ ಸಭೆಗೆ ಬಾರದೆ ನೇರವಾಗಿ ಗ್ರಾಮಸಭೆಗೆ ಬಂದವರ ಬೇಡಿಕೆ ಪಟ್ಟಿಯ ಬಾಲಕ್ಕೆ ಸೇರುವುದು ಇದರಿಂದಲೇ. ಯಾರೂ ಬೇಕೆಂದು ಹಿಂದೆ ಹಾಕಿದ್ದಲ್ಲ, ಕ್ರಮವೇ ಹಾಗಿದೆ. ಪತ್ರಿಕೆಗಳಲ್ಲಿ ವಾರ್ಡ್ ಸಭೆ ಎಂಬ ಮಾತು ಕಾಣುವುದೇ ಅಪರೂಪ.

ಸಭೆಯ ತಿಳಿವಳಿಕೆ ಪತ್ರವನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳಲ್ಲಿ ಅಂಟಿಸುತ್ತಾರೆ. ಡಂಗುರ ಹೊಡೆಸುತ್ತಾರೆ, ಇಲ್ಲವೇ ಆಟೊಗೆ ಮೈಕ್ ಕಟ್ಟಿ ಕೂಗಿಸುತ್ತಾರೆ. ಎಡವಟ್ಟಾಗುವುದು ಸಮಯದಲ್ಲಿ. ಸಭೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಂಗುರ ಹೊಡೆದರೆ ಅಷ್ಟರಲ್ಲಿ ಕೂಲಿಗೆ, ಹೊಲಕ್ಕೆ ಹೋಗುವವರೆಲ್ಲ ಹೋಗಿಯಾಗಿರುತ್ತದೆ. ಒಂದು ಪಂಚಾಯಿತಿಗೆ ಐದಾರು ಹಳ್ಳಿ ಸೇರಿದ್ದರೆ ಕಚೇರಿ ಇರುವ ಊರಿಗೆ ಮಾತ್ರ ಅದು ಕೇಳಿಸುತ್ತದೆ. ಕಾಲೊನಿ, ತಾಂಡಾ, ಹಟ್ಟಿಗಳನ್ನು ಆಟೊ ಮುಟ್ಟುವಷ್ಟರಲ್ಲಿ ಸಭೆ ಅರ್ಧ ಮುಗಿದಿರುತ್ತದೆ. ಇನ್ನು ತಿಳಿವಳಿಕೆ ಪತ್ರದಲ್ಲಿ ಇರುವ ವಿಷಯವಾದರೂ ಏನು? ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಜಮಾ-ಖರ್ಚು, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಬಸವ ವಸತಿ ಯೋಜನೆಯ ಮನೆಗಳಿಗೆ ಫಲಾನುಭವಿ ಆಯ್ಕೆ ಆ ‘ಇತರೆ’ಯೊಳಗೆ ಕೂತಿರುವುದುಂಟು. ಸ್ವಂತ ಸೂರಿಲ್ಲದ ಹೆಂಗಸು ‘ಇತರೆ ವಿಷಯ’ಕ್ಕಾಗಿ ದಿನದ ಕೂಲಿ ಬಿಟ್ಟು ಬರುವುದಿಲ್ಲ. ಮನೆ ಪಟ್ಟಿ ಎಂದು ಗೊತ್ತಾದರೆ ಖಂಡಿತ ಬರುತ್ತಾಳೆ.

ಆದ್ದರಿಂದ ವಾರದ ಒಂದು ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ‘ಈ ವಾರದ ಗ್ರಾಮಸಭೆಗಳು’ ಎಂಬ ಪುಟ್ಟ ಅಂಕಣ ಬರಲಿ. ಪಂಚಾಯಿತಿಯ ಹೆಸರು, ಸಭೆ ನಡೆಯುವ ಊರು ಮತ್ತು ಜಾಗ, ದಿನಾಂಕ, ಗಂಟೆ, ಸಭೆಯ ಮೇಲ್ವಿಚಾರಣೆಗೆ ಬರುವ ನೋಡಲ್ ಅಧಿಕಾರಿ ಯಾವ ಇಲಾಖೆಯವರು, ಮುಖ್ಯ ವಿಷಯ ಒಂದು. ಇಷ್ಟೇ ಸಾಕು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಆರು ಸಾವಿರಕ್ಕೆ ಸಮೀಪ. ತಾಲ್ಲೂಕಿಗೊಬ್ಬ ವರದಿಗಾರ ಎಲ್ಲ ಸಭೆಗಳಿಗೂ ಹೋಗಲಾರ, ಹೋಗಬೇಕಾಗಿಯೂ ಇಲ್ಲ. ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಸಭೆಗಳ ದಿನಾಂಕಪಟ್ಟಿ ಮೊದಲೇ ಸಿದ್ಧವಾಗುತ್ತದೆ, ನೋಡಲ್ ಅಧಿಕಾರಿಗಳನ್ನು ಹಂಚಬೇಕಲ್ಲ! ಆ ಒಂದು ಹಾಳೆ ಪತ್ರಿಕೆಗೆ ತಲುಪಿದರೆ ಅಂಕಣ ತುಂಬಿತು. ಮುಂದೂಡಿದ ಸಭೆಗಳಿಗೆ ಅಲ್ಲೇ ಎರಡು ಸಾಲು ಮೀಸಲಿಡಿ. ‘ಸಭೆ ಮುಂದೂಡಿಕೆ’ ದೊಡ್ಡ ಸುದ್ದಿಯಾಗುತ್ತದೆ, ಹೊಸ ದಿನಾಂಕ ಮಾತ್ರ ಎಲ್ಲೂ ಬರುವುದಿಲ್ಲ. ಮುಂದೂಡಿದ ಸಭೆ ಮೂವತ್ತು ಜನರ ನಡುವೆ ಸದ್ದಿಲ್ಲದೆ ಮುಗಿದು, ಪಟ್ಟಿಗೆ ಒಪ್ಪಿಗೆಯಾಗುವುದು ಹೀಗೆಯೇ. ಪತ್ರಿಕೆಯ ಎರಡು ಸಾಲಿಗೆ ಅದನ್ನು ತಡೆಯುವ ಶಕ್ತಿಯಿದೆ.

ಇನ್ನು ಸಭೆಯ ನಂತರದ ಸುದ್ದಿ. ಯಾರು ಯಾರಿಗೆ ಏನೆಂದು ಕೂಗಿದರು ಎಂಬುದಕ್ಕಿಂತ ನಡಾವಳಿ ಪುಸ್ತಕದಲ್ಲಿ ಏನು ದಾಖಲಾಯಿತು ಎಂಬುದು ಮುಖ್ಯ. ಸಭೆಯಲ್ಲಿ ಗಂಟಲು ಹರಿದುಕೊಂಡು ಹೇಳಿದ ದೂರು ನಡಾವಳಿಯಲ್ಲಿ ಇಲ್ಲದಿದ್ದರೆ ಕಾಗದದ ಲೆಕ್ಕದಲ್ಲಿ ಅದು ಹೇಳಿದ್ದೇ ಅಲ್ಲ. ಹಾಗಾಗಿ ದೂರನ್ನು ಬರೆದೇ ಕೊಡಬೇಕು. ಒಂದು ಅರ್ಜಿಗೆ ಒಂದೇ ವಿಷಯ. ಬೀದಿದೀಪ, ಚರಂಡಿ, ಪಿಂಚಣಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆ ಹಾಳೆ ಮೂರು ಟೇಬಲ್‌ಗಳ ನಡುವೆ ಸಿಕ್ಕಿಬೀಳುತ್ತದೆ. ಎರಡು ಪ್ರತಿ ತಂದು, ಒಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. ಬಂದ ಕೂಡಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ನಿರ್ಣಯಗಳನ್ನು ನಂತರ ಬರೆಯುವ ರೂಢಿ ಹಲವು ಕಡೆ ಇದೆ. ಕೆಲಸದ ಒತ್ತಡವೇ ಕಾರಣವಿರಬಹುದು, ಆದರೂ ಖಾಲಿ ಹಾಳೆಯ ಮುಂದಿನ ಸಹಿ ಅಪಾಯಕಾರಿ. ಸಭೆ ಮುಗಿಯುವ ಮುನ್ನ ನಿರ್ಣಯಗಳನ್ನು ಗಟ್ಟಿಯಾಗಿ ಓದಿಸಿ, ಹಾಜರಾದವರ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಬೇಕು. ವರದಿಗಾರರು ಆ ಗೆರೆಯ ಮೇಲಿನ ನಿರ್ಣಯಗಳನ್ನು ಸಂಖ್ಯೆಸಹಿತ ಬರೆದುಕೊಂಡರೆ ಆರು ತಿಂಗಳ ನಂತರ ‘ಆ ನಿರ್ಣಯ ಏನಾಯಿತು’ ಎಂದು ಕೇಳಲು ಆಧಾರ ಇರುತ್ತದೆ.

ನಡಾವಳಿಯ ಪ್ರತಿ ಕೇಳಿದರೆ ಕೊಡದಿದ್ದಾಗ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರಬಾರದು. ‘ಹತ್ತು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಕೇಳಿದ ಅರ್ಜಿ ತಿರಸ್ಕೃತವಾಗುತ್ತದೆ, ಇಲ್ಲವೇ ಜೆರಾಕ್ಸ್ ಖರ್ಚಿನ ಪತ್ರ ಬರುತ್ತದೆ. ‘ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಹಾಜರಿ ಪುಟಗಳು’ ಎಂದರೆ ಸುತ್ತಿಬಳಸಲು ದಾರಿ ಇರುವುದಿಲ್ಲ.

‘ಅನುದಾನ ಬಂದರೂ ಕೆಲಸವಿಲ್ಲ’ ಎಂಬ ಸುದ್ದಿ ಬರೆಯುವಾಗ ಹಣದ ಬಗೆ ತಿಳಿದಿರಬೇಕು. ಕೇಂದ್ರದ 15ನೇ ಹಣಕಾಸು ಆಯೋಗದ 2021–26ರ ಅವಧಿಯನ್ನೇ ತೆಗೆದುಕೊಳ್ಳಿ. ಪಂಚಾಯಿತಿಗೆ ಬಂದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಇತರ ಅಗತ್ಯಗಳಿಗೆ, ಅದರಲ್ಲೂ ಸಿಬ್ಬಂದಿ ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ಸ್ಮಶಾನದ ದಾರಿಗೆ ಕಾಂಕ್ರೀಟ್ ಕೇಳಿದಾಗ ಖಾತೆಯಲ್ಲಿ ಹಣವಿದ್ದೂ ‘ಆಗುವುದಿಲ್ಲ’ ಎನ್ನಬೇಕಾಗುವುದು ಇದಕ್ಕೇ. ನಿರ್ಬಂಧಿತ ಎಷ್ಟು, ಅನಿರ್ಬಂಧಿತ ಎಷ್ಟು, ಸ್ವಂತ ತೆರಿಗೆ ಎಷ್ಟು ಎಂದು ಮೂರು ಅಂಕಿ ಕೇಳಿ ಬರೆದರೆ ಸುದ್ದಿಗೆ ಬಲ ಬರುತ್ತದೆ, ಪಂಚಾಯಿತಿಯ ನಿಜವಾದ ತಪ್ಪು ಇದ್ದರೆ ಅದೂ ಬಯಲಾಗುತ್ತದೆ. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಂಗಳ ಪಟ್ಟಿ ಕರವಸೂಲಿಗಾರರ ಬಳಿ ಇರುತ್ತದೆ. ದೊಡ್ಡ ಬಾಕಿದಾರರು ಯಾರು ಎಂಬುದು ಅದರಲ್ಲೇ ಕಾಣುತ್ತದೆ.

ಯಾವ ಕೆಲಸ ಯಾರದು ಎಂಬ ಗೊಂದಲವೂ ಸುದ್ದಿಯನ್ನು ದುರ್ಬಲ ಮಾಡುತ್ತದೆ. ಊರೊಳಗಿನ ಬೀದಿ, ಚರಂಡಿ ಪಂಚಾಯಿತಿಯದು. ಊರಿಂದೂರಿಗೆ ಹೋಗುವ ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಜಿಲ್ಲಾ ಮುಖ್ಯರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬೀದಿದೀಪದ ಬಲ್ಬ್ ಪಂಚಾಯಿತಿ ಬದಲಿಸುತ್ತದೆ, ತಂತಿ ಮತ್ತು ಟ್ರಾನ್ಸ್‌ಫಾರ್ಮರ್ ವಿದ್ಯುತ್ ಸರಬರಾಜು ಕಂಪನಿಯದು. ಮನೆ, ನಿವೇಶನದ ಇ-ಸ್ವತ್ತು ಆಸ್ತಿ ದಾಖಲೆಯ ನಮೂನೆ 9 ಮತ್ತು 11 ಪಂಚಾಯಿತಿಯಲ್ಲಿ, ಪಹಣಿ ತಿದ್ದುಪಡಿ ಕಂದಾಯ ಇಲಾಖೆಯಲ್ಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದಾಗ ಈ ಎಲ್ಲ ಪ್ರಶ್ನೆಗಳೂ ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೇ ಬಂದವು. ಸದಸ್ಯರು ಓಡಾಡುತ್ತಾರೆ, ಆದರೆ ಸಹಿ ಹಾಕುವ ಅಧಿಕಾರ ಬೇರೆಡೆ ಇರುತ್ತದೆ. ಹೊಂಡದ ಚಿತ್ರದ ಕೆಳಗೆ ‘ಗಮನ ಹರಿಸುವರೇ ಸಂಬಂಧಪಟ್ಟವರು?’ ಎಂದು ಬರೆಯುವ ಬದಲು ಸಂಬಂಧಪಟ್ಟ ಇಲಾಖೆಯ ಹೆಸರನ್ನೇ ಬರೆದುಬಿಡಿ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ತಡವಾದರೆ ಮಕ್ಕಳಿಗೆ ವಾಂತಿಭೇದಿ. ‘ನಲ್ಲಿಯಲ್ಲಿ ಕೆಸರು ನೀರು’ ಎಂಬ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತದೆ, ಬೀದಿಯ ಹೆಸರು ಮಾತ್ರ ಇರುವುದಿಲ್ಲ. ನೀರುಗಂಟಿಗೆ ಬೇಕಾದ ಮಾಹಿತಿ ಬೇರೆಯೇ. ಮೊದಲ ಐದು ನಿಮಿಷ ಮಾತ್ರ ಕೆಂಪಾಗಿ ಬಂದರೆ ಪೈಪಿನಲ್ಲಿ ಕೂತ ಮಣ್ಣು, ತುಕ್ಕು. ಒಂದೇ ಮನೆಯಲ್ಲಿ ಬಂದರೆ ಆ ಮನೆಯ ಸಂಪರ್ಕದ ಜಾಯಿಂಟ್ ನೋಡಬೇಕು. ಇಡೀ ಬೀದಿಗೆ ಬಂದರೆ ವಾಲ್ವ್ ಗುಂಡಿ, ಇಲ್ಲವೇ ಚರಂಡಿ ದಾಟುವ ಕಡೆ ಮುಖ್ಯ ಪೈಪು. ಊರಿಗೆಲ್ಲ ಬಂದರೆ ಟ್ಯಾಂಕ್ ಅಥವಾ ಕೊಳವೆಬಾವಿ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರಲ್ಲಿ ನೀರು ನಿಂತ ಮೇಲೆ ಪೈಪು ಒಳಕ್ಕೆ ಎಳೆಯುತ್ತದೆ, ಬಿರುಕಿನ ಸುತ್ತ ಚರಂಡಿ ನೀರಿದ್ದರೆ ಅದನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಬೀದಿ, ಗಂಟೆ, ಎಷ್ಟು ಹೊತ್ತು ಬಂತು, ಪಕ್ಕದ ಮನೆಯಲ್ಲೂ ಹೀಗೆಯೇ ಇತ್ತೇ ಎಂಬ ನಾಲ್ಕನ್ನು ಬರೆದು ಕಳಿಸಿದರೆ ಅಗೆಯಬೇಕಾದ ಜಾಗ ಬೇಗ ಸಿಗುತ್ತದೆ. ವರದಿಗಾರರು ಕೇಳಬಹುದಾದ ಪ್ರಶ್ನೆಗಳೂ ಇವೆ: ಓವರ್‌ಹೆಡ್ ಟ್ಯಾಂಕ್ ತೊಳೆದ ದಿನಾಂಕವನ್ನು ಅದರ ಮೇಲೆ ಬರೆದಿದ್ದಾರೆಯೇ? ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ (ರೋಗಾಣು ಕೊಲ್ಲಲು ಬೆರೆಸಿದ್ದರಲ್ಲಿ ಉಳಿದದ್ದು) ಲೀಟರಿಗೆ 0.2 ಮಿಲಿಗ್ರಾಂ ಆದರೂ ಇದೆಯೇ? ನೀರಿನ ಪರೀಕ್ಷಾ ಕಿಟ್ ಬೀರುವಿನಲ್ಲಿ ಬೀಗದೊಳಗಿದೆಯೇ, ಬಳಕೆಯಲ್ಲಿದೆಯೇ? ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ನಿನ ಗುರಿ ತಲಾ ದಿನಕ್ಕೆ 55 ಲೀಟರ್. ಮನೆ ಮುಂದೆ ನಲ್ಲಿ ನಿಂತಿದೆ ಎಂಬುದರಿಂದ ಅದು ಈಡೇರಿದಂತಾಗುವುದಿಲ್ಲ, ಬಕೆಟ್ ಇಟ್ಟು ಅಳೆಯಬೇಕು.

ಇನ್ನೊಂದು ಬೇಡಿಕೆಯನ್ನು ಕಟುವಾಗಿಯೇ ಇಡುತ್ತೇನೆ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಸುದ್ದಿಗೆ ಪ್ರತಿಕ್ರಿಯೆ ಬೇಕಾದಾಗ ಫೋನ್ ಹೋಗುವುದು ಸದಸ್ಯೆಯ ಗಂಡನಿಗೆ. ಮರುದಿನ ಅವನ ಮಾತೇ ಅಧ್ಯಕ್ಷೆಯ ಮಾತಾಗಿ ಅಚ್ಚಾಗುತ್ತದೆ. ಮೈದುನನ ಫೋಟೊ, ಮಾವನ ಹೇಳಿಕೆ ಬಂದದ್ದೂ ಇದೆ. ಇದನ್ನು ನಿಲ್ಲಿಸುವುದು ಪೂರ್ತಿಯಾಗಿ ಪತ್ರಿಕೆಯ ಕೈಯಲ್ಲಿದೆ. ಸದಸ್ಯೆಯೇ ಮಾತಾಡುವ ತನಕ ಕಾಯಿರಿ. ಮೊದಲ ಸಲ ಎರಡೇ ಮಾತು ಹೇಳಬಹುದು, ಆ ಎರಡನ್ನೇ ಅವರ ಹೆಸರಿನಲ್ಲಿ ಹಾಕಿ. ಹಾಗೆಯೇ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ನೀರಿನ ಸುದ್ದಿಯಲ್ಲೂ ‘ಇಂಥ ಪಕ್ಷ ಬೆಂಬಲಿತ ಸದಸ್ಯ’ ಎಂದು ಬರೆದರೆ ಮೋಟಾರ್ ರಿಪೇರಿಯೂ ಪಕ್ಷದ ಜಗಳವಾಗುತ್ತದೆ.

ಮಕ್ಕಳ ಗ್ರಾಮಸಭೆಯ ಚೆಂದದ ಫೋಟೊಗಳು ಬರುತ್ತವೆ, ಸಂತೋಷ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಕೇಳಿದ ಹುಡುಗಿಗೆ ಬಾಗಿಲು ಬಂತೇ ಎಂಬುದನ್ನು ಎರಡು ತಿಂಗಳ ಮೇಲೆ ಒಮ್ಮೆ ವಿಚಾರಿಸಿ ಹಾಕಿದರೆ ಆ ಮಕ್ಕಳು ಮುಂದಿನ ಸಭೆಗೂ ಪ್ರಶ್ನೆ ಹಿಡಿದು ಬರುತ್ತಾರೆ.

ಕೊನೆಯದಾಗಿ ಜಮಾಬಂದಿ. ಹಿಂದಿನ ಆರ್ಥಿಕ ವರ್ಷದ ಲೆಕ್ಕ, ವಹಿ, ಕಾಮಗಾರಿಗಳನ್ನು ಊರಿನವರ ಎದುರು ಪರಿಶೀಲಿಸುವ ಕೆಲಸವಿದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯಬೇಕು. ತಂಡ ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡುತ್ತದೆ. ಅಳತೆ ಪುಸ್ತಕದಲ್ಲಿ ಚರಂಡಿ 60 ಮೀಟರ್ ಎಂದಿದ್ದರೆ ಟೇಪು ಹಿಡಿದು 60 ಮೀಟರ್ ಇದೆಯೇ ಎಂದು ಅಳೆಯಬಹುದು. ಕಾಮಗಾರಿಯ ನಾಮಫಲಕದಲ್ಲಿ ಯೋಜನೆ, ಅಂದಾಜು ಮೊತ್ತ, ಗುತ್ತಿಗೆದಾರ, ಶುರುವಾದ ಮತ್ತು ಮುಗಿದ ದಿನಾಂಕ ಇವೆಯೇ ಎಂದು ನೋಡಬಹುದು. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ, ಅಲ್ಲಿ ನಿಂತಿರಬೇಕು. ಜಮಾಬಂದಿಗೆ ಜನ ಬರುವುದು ಗ್ರಾಮಸಭೆಗಿಂತಲೂ ಕಡಿಮೆ, ದಿನಾಂಕವೇ ತಿಳಿದಿರುವುದಿಲ್ಲ. ಪಂಚಾಯಿತಿಯ ಅರಿವು ಕೇಂದ್ರಗಳಿಗೆ (ಗ್ರಂಥಾಲಯಗಳಿಗೆ) ಪತ್ರಿಕೆ ಬರುತ್ತದೆ, ಅಲ್ಲಿ ಕೂತು ಓದುವವರಿದ್ದಾರೆ. ಅಂಕಣವನ್ನು ಜುಲೈ ಕೊನೆಯ ವಾರದಿಂದ ಶುರು ಮಾಡಿದರೆ ಜಮಾಬಂದಿಯ ದಿನಾಂಕಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಲು ಸಮಯ ಸಿಗುತ್ತದೆ.

ವಂದನೆಗಳೊಂದಿಗೆ,
ಗ್ರಾಮ ಪಂಚಾಯಿತಿ ಸದಸ್ಯೆ