ವೆಬ್‌ಸೈಟ್ ಮಾಡ್ಕೊಂಡೋರಿಗೆ ಕನ್ನಡದಲ್ಲೂ ಒಂದು ಅರಳಿಕಟ್ಟೆ ಬೇಕು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಮನೇಲೇ ಕೂತು ಬ್ಲಾಗು, ವೆಬ್‌ಸೈಟು ಮಾಡಿ ದುಡಿಯೋ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು, ಆದ್ರೆ ಸೈಟ್ ಮಾಡಿದ ಮೇಲೆ ಏನಾದ್ರೂ ಕೈಕೊಟ್ರೆ ಯಾರನ್ನ ಕೇಳ್ಬೇಕು ಅನ್ನೋದು ಅದರಲ್ಲಿ ಇರಲಿಲ್ಲ. ನಾವು ಪೆಟ್ಟು ತಿಂದಿದ್ದು ಅಲ್ಲೇ, ಅದಕ್ಕೇ ಈ ಪತ್ರ.

ನಮ್ದು ಸಾಗರದ ಹತ್ರ ಒಂದು ಹಳ್ಳಿ. ನಮ್ಮನೆಯವಳೂ ಅತ್ತಿಗೆನೂ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಕೊರಿಯರ್‌ನಲ್ಲಿ ಕಳಿಸ್ತಾರೆ, ಅದಕ್ಕೆ ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ತಂತ್ರಾಂಶದಲ್ಲಿ ಒಂದು ಸೈಟ್ ನಾನೇ ಮಾಡಿಕೊಟ್ಟಿದ್ದೆ, ನಿಧಾನಕ್ಕೆ ಆರ್ಡರ್ ಬರ್ತಿತ್ತು. ಆಗ ಒಬ್ಬ ಏಜೆಂಟ್ ಫೋನ್ ಮಾಡಿ ಮೂರೇ ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜಿಗೆ ತರ್ತೀವಿ, ಗ್ಯಾರಂಟಿ ಸಾರ್ ಅಂದ, 18,000 ರೂಪಾಯಿ ಕೊಟ್ವಿ. ಅವನು ಮಾಡಿದ್ದಿಷ್ಟೇ, ಎಲ್ಲೆಲ್ಲಿಂದಲೋ ನೂರಾರು ಕಸದ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್ ಹಾಕಿಸಿದ, ಲಿಂಕ್ ಜಾಸ್ತಿ ಇದ್ರೆ ಗೂಗಲ್‌ನಲ್ಲಿ ಮೇಲೆ ಬರ್ತೀವಿ ಅನ್ನೋ ಲೆಕ್ಕ. ಎರಡು ತಿಂಗಳಾದ್ಮೇಲೆ ಗೂಗಲ್‌ನಲ್ಲಿ ನಮ್ಮ ಅಂಗಡಿ ಹೆಸರು ಹೊಡೆದ್ರೂ ನಾವು ಸಿಗ್ತಿರಲಿಲ್ಲ. ಮಿಡಿ ಸೀಸನ್ ಶುರುವಾಗಿತ್ತು, ಭರಣಿ ತುಂಬಿ ಕೂತಿತ್ತು, ಆರ್ಡರ್ ಇಲ್ಲ. ಏಜೆಂಟ್ ಫೋನ್ ಎತ್ತೋದು ನಿಲ್ಲಿಸಿದ.

ಸರಿ ಮಾಡಿಕೊಟ್ಟೋರು ಯಾರು ಗೊತ್ತಾ, ಒಂದು ರೂಪಾಯಿ ತಗೊಳ್ಳದ ಅಪರಿಚಿತರು. ಗೂಗಲ್ ಸರ್ಚ್ ಸೆಂಟ್ರಲ್ ಅಂತ ಗೂಗಲ್‌ದೇ ಒಂದು ಹೆಲ್ಪ್ ಕಮ್ಯುನಿಟಿ ಇದೆ, ಅಲ್ಲಿ ಪ್ರಾಡಕ್ಟ್ ಎಕ್ಸ್‌ಪರ್ಟ್ ಅನ್ನೋ ಸ್ವಯಂಸೇವಕರು ಉತ್ತರ ಕೊಡ್ತಾರೆ. ನನ್ನ ಹರಕು ಮುರುಕು ಇಂಗ್ಲಿಷಲ್ಲೇ ಕಷ್ಟ ಬರೆದೆ. ಮಾರನೇ ದಿನ ಒಬ್ರು, ಸೈಟ್ ಗೂಗಲ್‌ನಲ್ಲಿ ಹೇಗಿದೆ ಅಂತ ಮಾಲೀಕರಿಗೆ ತೋರಿಸೋ ಸರ್ಚ್ ಕನ್ಸೋಲ್‌ನಲ್ಲಿ, ಗೂಗಲ್‌ನವರು ಹಾಕಿದ ದಂಡ ತೋರಿಸೋ ಮ್ಯಾನುಯಲ್ ಆಕ್ಷನ್ಸ್ ಅನ್ನೋ ಕಡೆ ಏನು ಬಂದಿದೆ ನೋಡಿ ಅಂದ್ರು. ನೋಡಿದ್ರೆ ಅಸಹಜ ಲಿಂಕುಗಳು ಅಂತ ನೋಟಿಸ್ ಬಂದು ಬಿದ್ದಿದೆ, ನಮಗೆ ಆ ಜಾಗ ಇದೆ ಅನ್ನೋದೇ ಗೊತ್ತಿರಲಿಲ್ಲ. ಲಿಂಕ್ ತೆಗೆಸೋಕಾಗೋದನ್ನ ತೆಗೆಸಿ, ಉಳಿದಿದ್ದನ್ನ ಡಿಸ್‌ಅವೌ ಫೈಲ್‌ಗೆ, ಅಂದ್ರೆ ಈ ಲಿಂಕುಗಳನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಕೊಡೋ ಪಟ್ಟಿಗೆ ಹಾಕಿ, ನಡೆದಿದ್ದನ್ನ ಇದ್ದಂಗೆ ಬರೆದು ಮರುಪರಿಶೀಲನೆಗೆ ಕಳಿಸಿ ಅಂತ ಹೇಳಿಕೊಟ್ರು. ಕೆಲವು ವಾರ ಹಿಡೀತು, ಸೈಟ್ ವಾಪಸ್ ಬಂತು. ಲಿಂಕ್ ಕೊಂಡ್ಕೊಂಡು ಮೇಲೆ ಬರೋ ಆಟಕ್ಕೆ ಗೂಗಲ್ 2012ರಲ್ಲೇ ಪೆಂಗ್ವಿನ್ ಅನ್ನೋ ಬದಲಾವಣೆ ತಂದು ಹೊಡೆತ ಕೊಟ್ಟಿತ್ತಂತೆ, ಡಿಸ್‌ಅವೌ ಟೂಲ್ ಕೂಡ ಅದೇ ವರ್ಷದ್ದು. ಮೊದಲನೇ ಸ್ಥಾನ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಆ ಒಂದು ಸಾಲು ಕನ್ನಡದಲ್ಲಿ ಎಲ್ಲಾದ್ರೂ ಮೊದಲೇ ಓದಿದ್ರೆ ನಮ್ಮ 18,000 ಉಳೀತಿತ್ತು.

ಅವತ್ತಿಂದ ನಾನು ಇಂಥ ಫೋರಂಗಳಲ್ಲಿ, ಅಂದ್ರೆ ಜನ ಪ್ರಶ್ನೆ ಕೇಳಿ ಉತ್ತರ ಪಡೆಯೋ ಆನ್‌ಲೈನ್ ಕಟ್ಟೆಗಳಲ್ಲಿ, ದಿನಾ ರಾತ್ರಿ ಸ್ವಲ್ಪ ಹೊತ್ತು ಓದ್ತೀನಿ. ವರ್ಡ್‌ಪ್ರೆಸ್ ಸೈಟ್ ಇರೋರು ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿರೋ ಸಪೋರ್ಟ್ ಫೋರಂ ಬಿಡಬಾರದು, ಸೈಟಿಗೆ ಹೊಸ ಸೌಲಭ್ಯ ಸೇರಿಸೋ ಪ್ಲಗಿನ್‌ಗಳಲ್ಲಿ ಅಲ್ಲಿ ಇರೋ ಒಂದೊಂದಕ್ಕೂ ಬೇರೆ ಬೇರೆ ಕಟ್ಟೆ ಇದೆ, ಪ್ಲಗಿನ್ ಬರೆದವರೇ ಎಷ್ಟೋ ಸಲ ಬಂದು ಉತ್ತರ ಕೊಡ್ತಾರೆ, ಮತ್ತೆ ಪಾಸ್‌ವರ್ಡ್ ಕೊಡಿ ಅಂತ ಕೇಳೋದು ಅಲ್ಲಿ ನಿಯಮಕ್ಕೆ ವಿರುದ್ಧ, ಕೇಳಿದ್ರೆ ಕೊಡಬೇಡಿ. ಕೋಡ್ ವಿಷಯಕ್ಕೆ 2008ರಲ್ಲಿ ಶುರುವಾದ ಸ್ಟಾಕ್ ಓವರ್‌ಫ್ಲೋ ಅನ್ನೋ ಪ್ರಶ್ನೋತ್ತರ ಸೈಟ್ ಇದೆ, ಅದರ ಬಳಗದಲ್ಲೇ ವೆಬ್‌ಮಾಸ್ಟರ್‌ಗಳಿಗೆ, ಅಂದ್ರೆ ಸೈಟ್ ನಡೆಸೋರಿಗೆ ಅಂತ ಬೇರೆ ಒಂದಿದೆ. ಅಲ್ಲಿ ಪ್ರಶ್ನೆ ಸರಿಯಾಗಿ ಕೇಳದಿದ್ರೆ ಮುಚ್ಚಿಬಿಡ್ತಾರೆ, ಬೇಜಾರಾಗಬಾರದು. ವೆಬ್‌ಮಾಸ್ಟರ್‌ವರ್ಲ್ಡ್ ಅನ್ನೋ ಫೋರಂ ತುಂಬ ಹಳೇದು, ಅಲ್ಲಿ ನಮ್ಮ ಸೈಟಿನ ಪ್ರಚಾರ ಮಾಡೋ ಹಾಗಿಲ್ಲ, ಅದಕ್ಕೇ ಮಾತು ಗಟ್ಟಿಯಾಗಿ ಇರುತ್ತೆ. ಸೈಟ್‌ಪಾಯಿಂಟ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನದು, ಅಲ್ಲಿನ ಫೋರಂನಲ್ಲಿ ಡಿಸೈನರ್‌ಗಳು ಲೋಗೋ ಮಾಡೋ ಸ್ಪರ್ಧೆ ನಡೆಸ್ತಾ ನಡೆಸ್ತಾನೇ 99ಡಿಸೈನ್ಸ್ ಅನ್ನೋ ದೊಡ್ಡ ಕಂಪನಿ ಹುಟ್ಟಿದ್ದು. ಇಂಟರ್ನೆಟ್ ಮಾರ್ಕೆಟಿಂಗ್‌ನೋರು ಹೇಳೋ ವಾರಿಯರ್ ಫೋರಂ 1997ರದ್ದು, ಒಳ್ಳೇ ಹಳೇ ಚರ್ಚೆಗಳಿವೆ, ಆದ್ರೆ ಮಾರೋರೂ ಬಹಳ, ಹೊಸಬರು ಅಲ್ಲಿ ಓದಿ, ಕೊಂಡ್ಕೊಳ್ಳೋಕೆ ಹೋಗ್ಬೇಡಿ ಅನ್ನೋದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಇದ್ರೂ ನಮ್ಮ ಕಷ್ಟ ಕೆಲವು ಅಲ್ಲಿ ಯಾರಿಗೂ ಅರ್ಥ ಆಗಲ್ಲ ಸಾರ್. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ರು ಹತ್ತು ವರ್ಷದಿಂದ ಸ್ಥಳೀಯ ಇತಿಹಾಸ ಬರೀತಿದಾರೆ, ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಲ್ಲಿ, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಕೂರಿಸೋ ಹಳೇ ಆಸ್ಕಿ ರೀತಿಯಲ್ಲಿ. ಅದನ್ನ ಹಾಗೇ ಸೈಟಿಗೆ ಹಾಕಿದ್ರು. ಅವರ ಕಂಪ್ಯೂಟರಲ್ಲಿ ಕನ್ನಡ ಕಾಣುತ್ತೆ, ಬೇರೆಯವರ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ, ಗೂಗಲ್‌ಗಂತೂ ಅದು ಕನ್ನಡ ಅಂತಾನೇ ಗೊತ್ತಾಗಲ್ಲ. ಕಾರಣ ಅದು ಯೂನಿಕೋಡ್, ಅಂದ್ರೆ ಎಲ್ಲ ಕಂಪ್ಯೂಟರ್, ಮೊಬೈಲಲ್ಲೂ ಅಕ್ಷರ ಗುರುತಿಸೋ ಸಾಮಾನ್ಯ ಪದ್ಧತಿ, ಅಲ್ಲದ್ದು, ಬದಲಾಯಿಸೋಕೆ ಕನ್ವರ್ಟರ್‌ಗಳು ಪುಕ್ಕಟೆ ಸಿಗ್ತವೆ. ಆದ್ರೆ ಇಂಗ್ಲಿಷ್ ಫೋರಂನಲ್ಲಿ ನುಡಿ ಅಂದ್ರೆ ಏನಂತ ಯಾರಿಗೆ ಗೊತ್ತು? ಇನ್ನೊಂದು, ಕನ್ನಡದಲ್ಲಿ ಇಟ್ಟ ಲಿಂಕನ್ನ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಶೇಕಡಾ ಚಿಹ್ನೆ, ಅಂಕಿ, ಅಕ್ಷರ ಸೇರಿದ ಉದ್ದ ಸರಪಳಿ ಆಗ್ಬಿಡುತ್ತೆ, ಜನ ವೈರಸ್ ಅಂದ್ಕೊಂಡು ಒತ್ತೋದೇ ಇಲ್ಲ. ಪುಟದ ವಿಳಾಸ ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಇಟ್ರೆ ಆಯ್ತು, ತಲೆಬರಹ ಕನ್ನಡದಲ್ಲೇ ಇರ್ಲಿ. ಇದನ್ನ ಕಂಡ್ಕೊಳ್ಳೋಕೆ ನನಗೆ ಆರು ತಿಂಗಳು ಬೇಕಾಯ್ತು.

ನಮ್ಮವರು ಇಂಥದ್ದನ್ನ ಮಾಡಿಲ್ಲ ಅಂತಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ಸಂಪದದಲ್ಲಿ ಎಷ್ಟು ಜನ ಕನ್ನಡದಲ್ಲಿ ಬರೆಯೋದು ಕಲಿತ್ರು. ಕನ್ನಡ ವಿಕಿಪೀಡಿಯದೋರು ತಮ್ಮ ಚರ್ಚೆಯ ಜಾಗಕ್ಕೆ ಅರಳಿ ಕಟ್ಟೆ ಅಂತಾನೇ ಹೆಸರಿಟ್ಟಿದಾರೆ, ಆ ಹೆಸರು ನೋಡಿದಾಗೆಲ್ಲ ನನಗೆ ಖುಷಿ. ಆದ್ರೆ ಸೈಟ್ ನಡೆಸೋ ಸಣ್ಣ ಅಂಗಡಿಯೋರು, ಬ್ಲಾಗರ್‌ಗಳು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಪಡೆಯೋ ಕಟ್ಟೆ ನಾನು ಹುಡುಕಿದಷ್ಟು ಕಡೆ ಸಿಗಲಿಲ್ಲ. ವಾಟ್ಸಾಪ್ ಗ್ರೂಪ್‌ಗಳಿವೆ, ಆದ್ರೆ ಇವತ್ತು ಕೊಟ್ಟ ಉತ್ತರ ನಾಳೆ ಗುಡ್ ಮಾರ್ನಿಂಗ್‌ಗಳ ಅಡಿ ಹೋಗುತ್ತೆ, ಹೊಸದಾಗಿ ಬಂದೋನು ಗೂಗಲ್‌ನಲ್ಲಿ ಹುಡುಕಿದ್ರೂ ಸಿಗಲ್ಲ.

ಅದಕ್ಕೆ ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟು. ವಾರಕ್ಕೊಂದು ಕಾಲು ಪುಟ ಓದುಗರ ವೆಬ್‌ಸೈಟ್ ಪ್ರಶ್ನೆಗಳಿಗೆ ಕೊಡಿ, ಬೆಂಗಳೂರಿನ ಕಂಪನಿಗಳಲ್ಲಿ ಈ ಕೆಲಸ ಗೊತ್ತಿರೋ ಕನ್ನಡದೋರಿಗೆ ಬರ ಇಲ್ಲ, ಉತ್ತರ ಬರೆಯೋಕೆ ಅವರನ್ನ ಕರೀರಿ, ಬಂದ ಉತ್ತರ ನಿಮ್ಮ ಸೈಟಲ್ಲೂ ಯೂನಿಕೋಡಲ್ಲಿ ಉಳೀಲಿ. ಮೊದಲನೇ ವಾರಕ್ಕೆ ಡೊಮೈನ್, ಅಂದ್ರೆ ಸೈಟಿನ ವಿಳಾಸ, ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಅಂತ ನೋಡ್ಕೊಳ್ಳೋದು ಹೇಗೆ ಅನ್ನೋದನ್ನೇ ತಗೊಳ್ಳಿ. ಏಜೆಂಟ್ ಹೆಸರಲ್ಲೇ ಇದೆ ಅಂತ ರಿನ್ಯೂವಲ್ ದಿನ ಗೊತ್ತಾದೋರು ನಮ್ಮ ತಾಲೂಕಲ್ಲೇ ಇಬ್ರು ನನಗೆ ಗೊತ್ತು.

ಇಂತಿ,
ನಿಮ್ಮ ಓದುಗ
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ