ಕ್ಯಾನ್ಸರ್ ರೋಗಿಗೆ ಯಾವ ಸ್ಕ್ಯಾನ್, ಯಾವಾಗ? ಕನ್ನಡದಲ್ಲಿ ಬರೆದುಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರು ತಿಂಗಳ ಮೇಲೆ ಬನ್ನಿ ಎಂಬ ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ. ಬರುವಾಗ ಏನು ಮಾಡಿಸಿಕೊಂಡು ಬರಬೇಕು, ಏನು ಬೇಡ, ಒಂದಕ್ಷರವೂ ಇಲ್ಲ. ಚಿಕ್ಕಪ್ಪ ಸಂಘದಲ್ಲಿ ಸಾಲ ತೆಗೆದು ಖಾಸಗಿ ಸೆಂಟರಿನಲ್ಲಿ ಪೆಟ್-ಸಿಟಿ, ಅಂದರೆ ಮೈಯಲ್ಲಿ ಎಲ್ಲೆಲ್ಲಿ ಕ್ಯಾನ್ಸರ್ ಇದೆಯೆಂದು ಹುಡುಕುವ ಸ್ಕ್ಯಾನ್, ಮಾಡಿಸಿದರು. ರಿಪೋರ್ಟ್ ನೋಡಿದ ಡಾಕ್ಟರು, "ಇದನ್ನ ಯಾರ್ ಮಾಡ್ಸ್ರಿ ಅಂದ್ರು ನಿಮಗ?" ಎಂದು ಕೇಳಿದರು.

ಅವರು ಕೇಳಿದ್ದು ಸರಿಯೇ. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದು, ಬೇರೆ ತೊಂದರೆ ಇಲ್ಲದಿದ್ದರೆ ವರ್ಷಕ್ಕೊಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಆಗಾಗ ಡಾಕ್ಟರ ಬಳಿ ತಪಾಸಣೆ ಸಾಕು. ಇಟಲಿಯಲ್ಲಿ ತಲಾ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ ಎರಡು ಅಧ್ಯಯನಗಳು 1994ರಲ್ಲೇ ಇದನ್ನು ತೋರಿಸಿವೆ: ಪದೇ ಪದೇ ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್ ಮಾಡಿಸಿದ್ದರಿಂದ ಯಾರ ಆಯುಷ್ಯವೂ ಹೆಚ್ಚಲಿಲ್ಲ.

ಹಾಗಂತ ಸ್ಕ್ಯಾನೇ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು, ಮೂರನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ಸಾಮಾನ್ಯವಾಗಿ 5 ವರ್ಷ, 6ರಿಂದ 12 ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್ ಬೇಕು. ಲಿವರಿಗೆ ಹರಡಿದ್ದು ಬೇಗ ಸಿಕ್ಕರೆ ಕೆಲವರಲ್ಲಿ ಅದನ್ನೂ ಕತ್ತರಿಸಿ ತೆಗೆದು ಉಳಿಸಬಹುದು. ಗಂಟಲಿನ ಕ್ಯಾನ್ಸರಿಗೆ ಕೀಮೋ, ರೇಡಿಯೇಷನ್ ಒಟ್ಟಿಗೆ ಪಡೆದವರಿಗೆ ಪೆಟ್-ಸಿಟಿ ಮಾಡುವುದಾದರೆ ಸುಮಾರು 12 ವಾರ ಬಿಟ್ಟು ಮಾಡಬೇಕು. ಅವಸರ ಮಾಡಿದರೆ ರೇಡಿಯೇಷನ್ನಿನ ಉರಿಯೂತವೇ ರೋಗದ ಹಾಗೆ ಕಾಣುತ್ತದೆ. ಇಂಥವರಲ್ಲಿ ಎಷ್ಟೋ ಜನ ಬಸ್ ಚಾರ್ಜು, ಕೂಲಿ ನೆನೆದು ತಾರೀಖು ತಪ್ಪಿಸುತ್ತಾರೆ. ಬೇಕಾದವರಿಗೆ ಸಿಗುತ್ತಿಲ್ಲ, ಬೇಡದವರು ಸಾಲಗಾರರಾಗುತ್ತಿದ್ದಾರೆ. ನನ್ನ ಸಂಕಟ ಇದೇ.

ಬಸುರಿಯರಿಗೆ ನಿಮ್ಮ ಇಲಾಖೆ ತಾಯಿ ಕಾರ್ಡ್ ಕೊಡುತ್ತದೆ. ಯಾವಾಗ ಯಾವ ತಪಾಸಣೆ, ಯಾವ ಇಂಜೆಕ್ಷನ್ ಎಂದು ಅದರಲ್ಲಿ ಬರೆದಿರುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೂ ಅಂಥದ್ದೊಂದು ಕಾರ್ಡ್ ಕೊಡಿ. ರೋಗ, ಹಂತ, ಮುಂದಿನ ಪರೀಕ್ಷೆ, ಅದರ ತಿಂಗಳು, ಯಾಕೆ ಬೇಕು ಅನ್ನುವುದು ಕನ್ನಡದಲ್ಲಿರಲಿ. ಹೊಸ ಗಂಟು, ಬಿಡದ ಮೂಳೆನೋವು, ಉಬ್ಬಸ, ಕಾಮಾಲೆ ಕಂಡರೆ ತಾರೀಖು ಕಾಯದೆ ಬನ್ನಿ ಎಂಬುದೂ ಇರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಪರೀಕ್ಷೆಗೆ ಹಣ ಸಿಗುತ್ತದೆ, ಜಿಲ್ಲಾಸ್ಪತ್ರೆಯಲ್ಲೇ ಯಾವುದು ಆಗುತ್ತದೆ ಎಂದೂ ಬರೆಸಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ವೈದ್ಯಕೀಯ ಶಿಕ್ಷಣ ಇಲಾಖೆಯಡಿ ಬರುತ್ತದೆ, ಆಶಾ ಕಾರ್ಯಕರ್ತೆಯರು ನಿಮ್ಮ ಇಲಾಖೆಯಡಿ. ಹಾಗಾಗಿ ಇಬ್ಬರು ಸಚಿವರೂ ಒಟ್ಟಿಗೆ ಕೂರಬೇಕು. ಕಿದ್ವಾಯಿಯಲ್ಲಿ ತಜ್ಞರಿದ್ದಾರೆ, ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ಮಾರ್ಗಸೂಚಿಗಳಿವೆ. ದಯವಿಟ್ಟು ಈ ವರ್ಷವೇ ಸುತ್ತೋಲೆ ಹೊರಡಿಸಿ.

ಇಂತಿ,
ಹಾವೇರಿ ಜಿಲ್ಲೆಯ ರೋಗಿಯೊಬ್ಬರ ಅಕ್ಕನ ಮಗಳು