ಹರಾಜಿನ ಲೆಕ್ಕದ ಜಗಳ: ಗುಂಪಿನವರಿಗೆಲ್ಲ ಒಂದು ಮಾತು

ನಮ್ಮ ಚಿಕ್ಕಮಗಳೂರು ಕ್ರೈಸ್ತ ಸಭೆಯ ಅಣ್ಣಂದಿರಿಗೆ, ಅಕ್ಕಂದಿರಿಗೆ, ಹಿರಿಯರಿಗೆ ವಂದನೆ.

ಸುಗ್ಗಿ ಹಬ್ಬದಲ್ಲಿ ಸಭೆಗೆ ಕಾಣಿಕೆ ಬಂದ ಬೆಳೆಯನ್ನು ಹರಾಜು ಹಾಕಿದ ಲೆಕ್ಕದ ವಿಷಯ ಇನ್ನು ಈ ವಾಟ್ಸಾಪ್ ಗುಂಪಿನಲ್ಲಿ ಬೇಡ. ಒಂದು ಬಾಳೆಗೊನೆ, ಎರಡು ಕೆಜಿ ಕಾಳುಮೆಣಸಿನ ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಮೂರು ವಾರದಿಂದ ಎರಡು ಮನೆಯವರು ಚರ್ಚಿನಿಂದ ಬೇರೆ ಬೇರೆ ಬಾಗಿಲಲ್ಲಿ ಹೊರಗೆ ಹೋಗುತ್ತಿದ್ದಾರೆ, ಮಳೆ ಬಂದರೂ ಒಂದೇ ಶೆಡ್ಡಿನ ಕೆಳಗೆ ನಿಲ್ಲುವುದಿಲ್ಲ, ಪಾಪ ಮಕ್ಕಳು ಮಾತ್ರ ಸಂಡೇ ಸ್ಕೂಲಿನಲ್ಲಿ ಪಕ್ಕಪಕ್ಕದಲ್ಲೇ ಕೂರುತ್ತಾರೆ.

ತಪ್ಪು ನನ್ನದೂ ಇದೆ. ಒಬ್ಬರು ಕಳಿಸಿದ ವಾಯ್ಸ್ ಮೆಸೇಜನ್ನು ಸುಮ್ನೆ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದೆ. ನಿನ್ನೆ ಆ ಮೆಸೇಜ್ ಕಳಿಸಿದವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೊದಲು ಮಾತಾಡಲಿಲ್ಲ, ಆಮೇಲೆ ಕಾಫಿ ಕೊಟ್ಟರು.

ಬೈಬಲಿನಲ್ಲಿ ಮತ್ತಾಯ 18:15ರಿಂದ 17 ಓದಿ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಅದೂ ಆಗದಿದ್ದರೆ ಆಗ ಸಭೆಗೆ ಹೇಳಬೇಕು. ನಾವು ನೇರ ಮೂರನೇ ಮೆಟ್ಟಿಲಿಗೇ ಹಾರಿದೆವು, ಅದೂ ವಾಟ್ಸಾಪಿನಲ್ಲಿ! ಅದೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಏಳು ಸಾರಿ ಕ್ಷಮಿಸಿದರೆ ಸಾಕಾ ಎಂದು ಕೇಳಿದ್ದಕ್ಕೆ ಯೇಸು ಏಳೆಪ್ಪತ್ತು ಸಾರಿ ಎಂದರು. ನಾವಿನ್ನೂ ಒಂದಕ್ಕೇ ಬಂದಿಲ್ಲ, ಅಲ್ವಾ?

ಕ್ಷಮಿಸುವುದು ಅಂದರೆ ಲೆಕ್ಕ ಕೇಳಬಾರದು ಅಂತ ಅಲ್ಲ. ಪುಸ್ತಕ, ರಸೀದಿ ಎಲ್ಲ ಶನಿವಾರ ಸಂಜೆ 5ಕ್ಕೆ ಸಭಾಪಾಲಕರ ಮನೆಯಲ್ಲಿ ಇರುತ್ತವೆ, ಯಾರು ಬೇಕಾದರೂ ಬಂದು ನೋಡಬಹುದು.

ಭಾನುವಾರ ಕರ್ತನ ಮೇಜು, ಅಂದರೆ ರೊಟ್ಟಿ ದ್ರಾಕ್ಷಾರಸದ ಪ್ರಭುಭೋಜನ ಇದೆ. ಅಷ್ಟರೊಳಗೆ ಯಾರ ಮೇಲೆ ಮುನಿಸಿದೆಯೋ ಅವರ ಮನೆಗೆ ಹೋಗಿ ಬನ್ನಿ, ಫೋನ್ ಬೇಡ. ಮೂಡಿಗೆರೆ ಕಡೆ ಹೋಗುವವರಿಗೆ ಜೀಪು ಬೇಕಾದರೆ ನನಗೆ ತಿಳಿಸಿ.